ಕನ್ನಡಕದೊಳಗಿನ ಬೀದಿ, ಮನೆಯಾಚೆಯ ಬೀದಿ

"ಕಣ್ಣಿಗೆ ಕಟ್ಟಿಕೊಳ್ಳುವ ಆ ಯಂತ್ರವನ್ನು ಕೊಡಿಸಿದರೆ ನಮ್ಮ ಹುಡುಗ ಕಂಪ್ಯೂಟರ್ ಕೆಲಸ ಕಲಿತು ತನ್ನ ಕಾಲ ಮೇಲೆ ತಾನು ನಿಂತಾನೆಯೇ?" ಸ್ವಲೀನತೆಯುಳ್ಳ ಮಕ್ಕಳಿರುವ ಮನೆಗಳಿಂದ ಈಚೆಗೆ ಈ ಬಗೆಯ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತಿದೆ. ಕೇಳುವವರು ಹೆಚ್ಚಾಗಿ ತಾಯಂದಿರು. ಅವರ ಧ್ವನಿಯಲ್ಲಿ ಆಸೆಯೂ ಇರುತ್ತದೆ, ಮತ್ತೊಮ್ಮೆ ಮೋಸಹೋಗಬಾರದೆಂಬ ಅಂಜಿಕೆಯೂ ಇರುತ್ತದೆ. ಮೂರು ತಿಂಗಳಲ್ಲಿ ಮಾತು ಬರಿಸುತ್ತೇವೆಂದು ಹಣ ಪಡೆದವರನ್ನೂ ಪೂರ್ತಿ ಗುಣಪಡಿಸುತ್ತೇವೆಂದು ಪುಡಿ ಕಟ್ಟಿಕೊಟ್ಟವರನ್ನೂ ಅವರು ಈಗಾಗಲೇ ಕಂಡುಂಡಿದ್ದಾರೆ. ಆದಕಾರಣ ಈ ತಿಂಗಳ ಅಂಕಣವನ್ನು ಆ ಪ್ರಶ್ನೆಗೆ ಮೀಸಲಿಡುವುದು ಉಚಿತವೆಂದು ನಮಗೆ ತೋರಿತು.

ಮೊದಲಿಗೆ ಹೆಸರುಗಳ ವಿಚಾರ. ಸ್ವಲೀನತೆಯನ್ನು ಈಗ ಬಹುಪಾಲು ಜನ ಆಟಿಸಂ ಎಂದೇ ಕರೆಯುತ್ತಾರೆ. ಅಕ್ಷರ ಕೂಡಿಸಿ ಓದುವುದರಲ್ಲಿ ತೊಡಕುಂಟಾಗುವ ಡಿಸ್ಲೆಕ್ಸಿಯಾ, ಗಮನ ಒಂದೆಡೆ ನಿಲ್ಲದ ಎ.ಡಿ.ಎಚ್.ಡಿ. ಮುಂತಾದವುಗಳನ್ನೂ ಇದರೊಡನೆ ಸೇರಿಸಿ, ಇವೆಲ್ಲ ಮಿದುಳಿನ ಬೇರೆ ಬೇರೆ ಬಗೆಗಳೆಂದು ಕಾಣಬೇಕು ಎನ್ನುವ 'ನರವೈವಿಧ್ಯ'ದ ವಿಚಾರವು 1990ರ ದಶಕದ ಕೊನೆಯ ವರ್ಷಗಳಲ್ಲಿ ಪಶ್ಚಿಮ ದೇಶಗಳಲ್ಲಿ ಬಳಕೆಗೆ ಬಂದಿತು. ನಮ್ಮ ಮದುವೆಮನೆಗಳಲ್ಲಿ ಇಂತಹ ಮಗುವನ್ನು ಕುರಿತು ಬಂಧುಗಳು ಪಿಸುಗುಟ್ಟುವ ಮಾತುಗಳನ್ನು ಇಲ್ಲಿ ಬರೆಯಲು ಮನಸ್ಸು ಬಾರದು. ಆ ಮಾತುಗಳಿಗಿಂತ ಈ ಹೊಸ ಹೆಸರು ಎಷ್ಟೋ ಮೇಲು. ಈ ಲೇಖನದಲ್ಲಿ ನಾವು ಸ್ವಲೀನತೆಯನ್ನೇ ಹೆಚ್ಚಾಗಿ ಪ್ರಸ್ತಾಪಿಸುತ್ತೇವೆ. ವರ್ಚುವಲ್ ರಿಯಾಲಿಟಿಯ ಪ್ರಯೋಗಗಳು ಅಧಿಕವಾಗಿ ನಡೆದಿರುವುದು ಆ ಮಕ್ಕಳೊಡನೆಯೇ.

ಇನ್ನು ಯಂತ್ರದ ವಿಚಾರ. ಎರಡು ಕಣ್ಣುಗಳಿಗೂ ಎರಡು ಪುಟ್ಟ ಪರದೆಗಳು, ಅವುಗಳ ಮುಂದೆ ಮಸೂರಗಳು. ಎಡಗಣ್ಣಿಗೂ ಬಲಗಣ್ಣಿಗೂ ತುಸು ಭಿನ್ನವಾದ ಚಿತ್ರ ಕಾಣುವುದರಿಂದ ನೋಟಕ್ಕೆ ಆಳ ಬರುತ್ತದೆ. ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಯಂತ್ರವು ಕ್ಷಣಕ್ಷಣಕ್ಕೂ ಅಳೆದು ಚಿತ್ರವನ್ನೂ ಅಷ್ಟೇ ತಿರುಗಿಸುತ್ತದೆ. ಹೀಗಾಗಿ ಕುರ್ಚಿಯ ಮೇಲೆ ಕುಳಿತವನಿಗೆ ತಾನು ಬೀದಿಯಲ್ಲೋ ಅಂಗಡಿಯಲ್ಲೋ ನಿಂತಿರುವಂತೆ ಭಾಸವಾಗುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿ 1968ರಲ್ಲಿಯೇ ಇಂತಹ ಒಂದು ಸಾಧನವನ್ನು ಮಾಡಿ ತೋರಿಸಿದರು. ಅದಕ್ಕೆ ಚಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳಿನ ಆಸರೆ ಬೇಕಾಗಿತ್ತು. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಗಳ ಆಕೃತಿಗಳು. ಬಹುಕಾಲ ಇದು ಸೈನ್ಯದ ಮತ್ತು ವಿಶ್ವವಿದ್ಯಾಲಯಗಳ ಸೊತ್ತಾಗಿಯೇ ಉಳಿಯಿತು. 2012ರಲ್ಲಿ ಆಕ್ಯುಲಸ್ ಎಂಬ ಸಂಸ್ಥೆ ಸಾರ್ವಜನಿಕರಿಂದ ಹಣ ಕೂಡಿಸಿ ಅಗ್ಗದ ಮಾದರಿಯೊಂದನ್ನು ಸಿದ್ಧಪಡಿಸಲು ಹೊರಟ ಮೇಲೆ, 2014ರಲ್ಲಿ ಫೇಸ್‌ಬುಕ್ ಆ ಸಂಸ್ಥೆಯನ್ನು ಕೊಂಡ ಮೇಲೆ, ಅದು ಮನೆಗಳ ಕಡೆಗೆ ಹೆಜ್ಜೆ ಇಟ್ಟಿತು. ಈಗ ದೊರೆಯುವ ಇಂತಹ ಸಾಧನಗಳಲ್ಲಿ ಕೆಲವು ಸುಮಾರು ಅರ್ಧ ಕಿಲೋ ತೂಗುತ್ತವೆ.

ಈ ಯಂತ್ರದಿಂದ ಕಂಪ್ಯೂಟರ್ ಕಲಿಸಬಹುದೇ ಎಂದು ತಾಯಂದಿರು ಕೇಳುತ್ತಾರೆ. ಪ್ರಶ್ನೆಯನ್ನು ತುಸು ತಿರುಗಿಸಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಸ್ವಲೀನತೆಯುಳ್ಳ ಎಲ್ಲರೂ ಗಣಕಯಂತ್ರದ ಜಾಣರೆಂಬ ಮಾತು ಸಿನಿಮಾಗಳು ಹಬ್ಬಿಸಿದ ಕಥೆ. ಅನೇಕರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಸಹ ವರ್ಷಗಟ್ಟಲೆ ನೆರವು ಬೇಕಾಗುತ್ತದೆ. ಆದರೆ ಕಂಪ್ಯೂಟರನ್ನು ಕಲಿಯಬಲ್ಲ ಮಕ್ಕಳಿಗೆ ಅದನ್ನು ಕಲಿಸಲು ಈ ಕನ್ನಡಕ ಬೇಕಿಲ್ಲ. ಕಂಪ್ಯೂಟರ್ ಒಂದೇ ಬಗೆಯಾಗಿ ಉತ್ತರಿಸುತ್ತದೆ, ಮುಖ ಸಿಂಡರಿಸುವುದಿಲ್ಲ, ನೂರು ಸಲ ಕೇಳಿದರೂ ಬೇಸರಿಸುವುದಿಲ್ಲ. ಅವರು ಎಡವುವುದು ಕಂಪ್ಯೂಟರಿನ ಮುಂದೆ ಕುಳಿತ ಮೇಲಲ್ಲ. ಆ ಕುರ್ಚಿಯವರೆಗೆ ಹೋಗಬೇಕಲ್ಲ, ಆ ದಾರಿಯಲ್ಲಿ. ಬೆಳಗಿನ ಬಸ್ಸು, ಚಿಲ್ಲರೆ ಕೇಳುವ ಕಂಡಕ್ಟರು, "ನಿಮ್ಮ ಬಗ್ಗೆ ಹೇಳಿ" ಎನ್ನುವ ಸಂದರ್ಶಕರು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರ ಪಕ್ಕದಲ್ಲಿ ಕೂರಬೇಕೆಂಬ ಇಕ್ಕಟ್ಟು, ಇವು ಅವರನ್ನು ಮನೆಗೆ ಹಿಂದಿರುಗಿಸುತ್ತವೆ. ಕಳೆದ 30 ವರ್ಷಗಳ ಪ್ರಯೋಗಗಳನ್ನು ತೆಗೆದು ನೋಡಿದರೆ ಸಂಶೋಧಕರೂ ಈ ಯಂತ್ರದೊಳಗೆ ಬಹುಮಟ್ಟಿಗೆ ಕಟ್ಟಿಕೊಂಡು ಬಂದಿರುವುದು ಬೀದಿ, ಬಸ್ಸು, ಅಂಗಡಿ, ಉಪಾಹಾರ ಗೃಹ, ಸಂದರ್ಶನದ ಕೋಣೆ ಇವುಗಳನ್ನೇ.

ಏಕೆ ಈ ಯಂತ್ರ ಅದಕ್ಕೆ ಒದಗುತ್ತದೆ? ನಮ್ಮ ಯಾವುದೇ ದೊಡ್ಡ ಬಸ್ ನಿಲ್ದಾಣವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಧ್ವನಿವರ್ಧಕದಲ್ಲಿ ಊರುಗಳ ಹೆಸರು, ಎಂಜಿನ್ನಿನ ಗದ್ದಲ, ಹೊಗೆ, ಕಡಲೆಕಾಯಿ ಮಾರುವವನ ಕೂಗು, ಹಿಂದಿನಿಂದ ತಳ್ಳುವ ಕೈಗಳು. ನಮ್ಮ ನಿಮ್ಮ ಮಿದುಳು ಇವುಗಳಲ್ಲಿ ಬೇಡದ್ದನ್ನು ತಾನಾಗಿಯೇ ಬದಿಗೆ ಸರಿಸಿ, ಬೇಕಾದ ಬಸ್ಸಿನ ಫಲಕವನ್ನು ಹುಡುಕುತ್ತದೆ. ಸ್ವಲೀನತೆಯುಳ್ಳ ಅನೇಕರಲ್ಲಿ ಈ ಬದಿಗೆ ಸರಿಸುವ ಕೆಲಸ ಸರಾಗವಾಗಿ ನಡೆಯದು. ಎಲ್ಲವೂ ಒಂದೇ ಬಲದಿಂದ ಒಳನುಗ್ಗುತ್ತದೆ. ಆಗ ಮಗು ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಳಿತರೆ ಸುತ್ತಲಿನವರು ಅದನ್ನು ಹಟವೆಂದು ತಿಳಿಯುತ್ತಾರೆ. ಕಟ್ಟಿದ ನಿಲ್ದಾಣದಲ್ಲಿಯಾದರೆ ಮೊದಲ ದಿನ ಒಂದೇ ಬಸ್ಸು ಇರಬಹುದು, ಸದ್ದೇ ಇಲ್ಲದಿರಬಹುದು. ಎರಡನೆಯ ವಾರ ನಾಲ್ಕು ಜನರನ್ನು ಸೇರಿಸಬಹುದು, ಮೂರನೆಯ ವಾರ ಸದ್ದನ್ನು. ತಪ್ಪಿ ಬೇರೆ ಬಸ್ಸು ಹತ್ತಿದರೆ ಇಳಿದು ಮತ್ತೆ ಹತ್ತಬಹುದು. ಯಾರೂ ನಗುವವರಿಲ್ಲ, ಊರು ತಪ್ಪುವುದಿಲ್ಲ. ನಿಜವಾದ ಲೋಕ ಯಾವ ಶಿಷ್ಯನಿಗೂ ಇಷ್ಟು ತಾಳ್ಮೆ ತೋರಿಸುವುದಿಲ್ಲ.

ಈ ದಾರಿಯಲ್ಲಿ ಮೊದಮೊದಲು ನಡೆದವರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡೊರೊತಿ ಸ್ಟ್ರಿಕ್‌ಲ್ಯಾಂಡ್ ಒಬ್ಬರು. ಅವರೂ ಅವರ ಸಹಯೋಗಿಗಳೂ 1996ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದ್ದವರು ಇಬ್ಬರೇ ಮಕ್ಕಳು, ಒಬ್ಬರಿಗೆ 7 ವರ್ಷ, ಇನ್ನೊಬ್ಬರಿಗೆ 9. ಸಾಧನ ಆಗ ಬಹಳ ಭಾರ. ತಲೆಗೆ ಟೋಪಿ ಹಾಕಿದರೇ ಕಿತ್ತೆಸೆಯುವ ಮಕ್ಕಳು ಇದನ್ನು ಹಾಕಿಕೊಂಡಾರೆಯೇ ಎಂಬುದೇ ಮೊದಲ ಸಂಶಯವಾಗಿತ್ತು. ಹಾಕಿಕೊಂಡರು. ಒಳಗಿದ್ದುದು ಬಹು ಸರಳವಾದ ಒಂದು ಬೀದಿ. ಕಾರು ಬರುತ್ತದೆ, ಅದನ್ನು ಕಣ್ಣಿನಿಂದ ಹಿಂಬಾಲಿಸಬೇಕು, ಬಣ್ಣ ಹೇಳಬೇಕು. ಆಮೇಲೆ 'ನಿಲ್ಲು' ಎಂಬ ರಸ್ತೆಫಲಕವನ್ನು ಹುಡುಕಿ ಅದರ ಕಡೆಗೆ ನಡೆದು ನಿಲ್ಲಬೇಕು. ಒಂದೊಂದು ಸಲ ಕೆಲವೇ ನಿಮಿಷಗಳ ಪಾಠ. ಮಕ್ಕಳು ಬೀದಿಯನ್ನು ಬೀದಿಯೆಂದು ಗ್ರಹಿಸಿ ಅದಕ್ಕೆ ತಕ್ಕಂತೆ ನಡೆದುಕೊಂಡರೆಂಬುದು ಆ ವರದಿಯ ಸಾರ. ಹೊರಗಿನ ನಿಜವಾದ ರಸ್ತೆಯನ್ನು ಅವರು ಕ್ಷೇಮವಾಗಿ ದಾಟುವರೇ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಅರಸಿದವರು ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದವರು. ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಲೀನತೆಯುಳ್ಳ ಮಕ್ಕಳು ಕಂಪ್ಯೂಟರಿನ ಬೀದಿಯಲ್ಲಿ ರಸ್ತೆ ದಾಟುವುದನ್ನು ಚೆನ್ನಾಗಿಯೇ ಕಲಿತರು. ಅನಂತರ ಅಭ್ಯಾಸಕ್ಕೆಂದೇ ಇರುವ ನೆಲದ ಮೇಲಿನ ರಸ್ತೆಗೆ ಕರೆದೊಯ್ದಾಗ, ಕಲಿತದ್ದನ್ನು ಅಲ್ಲಿಗೂ ಒಯ್ದವರು ಅವರಲ್ಲಿ ಕೆಲವರು ಮಾತ್ರ. ಈ 'ಕೆಲವರು' ಎಂಬ ಪದವನ್ನು ತಾಯಿತಂದೆಯರು ನೆನಪಿನಲ್ಲಿಡಬೇಕು. ಮನೆಯ ಬಚ್ಚಲಲ್ಲಿ ಕೈ ತೊಳೆಯುವ ಮಗು ಅಜ್ಜಿಯ ಮನೆಯ ಬಚ್ಚಲಲ್ಲಿ ಕೈ ತೊಳೆಯಲು ನಿರಾಕರಿಸುವುದನ್ನು ಅವರು ಕಂಡೇ ಇರುತ್ತಾರೆ. ಕಲಿತದ್ದು ಕಲಿತ ಜಾಗಕ್ಕೇ ಅಂಟಿಕೊಂಡುಬಿಡುವ ಸ್ವಭಾವ ಇದು. ಯಂತ್ರ ಎಷ್ಟು ಉತ್ತಮವಾದರೂ ಈ ಅಂಟನ್ನು ಬಿಡಿಸುವುದು ಅದರ ಕೈಯಲ್ಲಿಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸಂಶೋಧಕರು ಇದನ್ನು ಬೇಗನೆ ಮನಗಂಡವರು. ಕಲಿಕೆಯಲ್ಲಿ ತೀವ್ರ ಹಿಂದುಳಿದ ವಿದ್ಯಾರ್ಥಿಗಳಿಗಾಗಿ ಅವರು 1990ರ ದಶಕದಲ್ಲಿಯೇ ಕಂಪ್ಯೂಟರಿನೊಳಗೆ ಒಂದು ದೊಡ್ಡ ಅಂಗಡಿಯನ್ನು ಕಟ್ಟಿದರು. ಅದರಲ್ಲಿ ಅಭ್ಯಾಸ ಮಾಡಿದವರು ನಿಜವಾದ ಅಂಗಡಿಗೆ ಹೋದಾಗ ಪಟ್ಟಿಯಲ್ಲಿದ್ದ ಸಾಮಾನುಗಳನ್ನು ಅಭ್ಯಾಸವಿಲ್ಲದವರಿಗಿಂತ ಬೇಗನೆಯೂ ಸರಿಯಾಗಿಯೂ ಆರಿಸಿ ತಂದರು. 2000ದ ನಂತರ ಸಾರಾ ಪಾರ್ಸನ್ಸ್, ಪೀಟರ್ ಮಿಚೆಲ್, ಆನ್ ಲೆನರ್ಡ್ ಮುಂತಾದವರು ಸ್ವಲೀನತೆಯುಳ್ಳ ಹದಿಹರೆಯದವರಿಗಾಗಿ ಒಂದು ಉಪಾಹಾರ ಗೃಹವನ್ನೂ ಒಂದು ಬಸ್ಸನ್ನೂ ನಿರ್ಮಿಸಿದರು. ಕನ್ನಡಕವಿಲ್ಲ, ಸಾಮಾನ್ಯ ಪರದೆಯೇ. ಆಟದ ಮೊದಲ ಹಂತದಲ್ಲಿ ಖಾಲಿ ಮೇಜುಗಳಿರುತ್ತವೆ, ಹೋಗಿ ಕುಳಿತರಾಯಿತು. ಮುಂದಿನ ಹಂತಗಳಲ್ಲಿ ಮೇಜುಗಳೆಲ್ಲ ತುಂಬಿರುತ್ತವೆ. ಆಗ ಅಪರಿಚಿತರ ಬಳಿಗೆ ಹೋಗಿ "ಇಲ್ಲಿ ಕೂರಬಹುದೇ?" ಎಂದು ಕೇಳಬೇಕು.

ನಮಗೆ ಇದು ಅತಿ ಸಣ್ಣ ಸಂಗತಿಯಾಗಿ ತೋರಬಹುದು. ಖಾನಾವಳಿಯಲ್ಲಿ ಯಾರನ್ನೂ ಕೇಳದೆಯೇ ಎದುರಿನ ಜಾಗದಲ್ಲಿ ಕುಳಿತು ರೊಟ್ಟಿಗೆ ಹೇಳುವವರು ನಾವು. ಆದರೆ ಖಾಲಿ ಜಾಗ ಖಾಲಿಯೇ ಹೌದೋ ಅಥವಾ ಕೈ ತೊಳೆಯಲು ಎದ್ದುಹೋದವನದೋ, ಎದುರಿಗಿರುವವರು ಗಂಭೀರ ಮಾತಿನಲ್ಲಿದ್ದಾರೋ ಬರಿದೆ ಕುಳಿತಿದ್ದಾರೋ ಎಂಬುದನ್ನು ಅರೆನಿಮಿಷದಲ್ಲಿ ಓದಿಕೊಳ್ಳುವ ವಿದ್ಯೆಯನ್ನು ನಮಗೆ ಯಾರೂ ಕಲಿಸಲಿಲ್ಲ. ಅದು ತಾನಾಗಿ ಬಂತು. ತಾನಾಗಿ ಬಾರದವರಿಗೆ ಅದನ್ನು ಅಕ್ಷರ ಕಲಿಸಿದಂತೆ ಬಿಡಿಸಿ ಕಲಿಸಬೇಕಾಗುತ್ತದೆ. 2004ರ ಅವರ ಒಂದು ವರದಿಯಲ್ಲಿ, ಸ್ವಲೀನತೆಯುಳ್ಳ ಕೆಲವು ವಿದ್ಯಾರ್ಥಿಗಳು ಪರದೆಯ ಮೇಲೆ ಮಾತನಾಡುತ್ತಿದ್ದ ಇಬ್ಬರ ನಡುವೆಯೇ ನಡೆದುಹೋದ ಸಂಗತಿ ಬರುತ್ತದೆ. ಆ ವರದಿಯನ್ನು ಓದುವಾಗ ನಮಗೆ ಹೊಳೆದದ್ದು ಇಷ್ಟು: ನಿಜವಾದ ಹೋಟೆಲಿನಲ್ಲಿ ಹೀಗಾಗಿದ್ದರೆ ಬೈಗುಳ ಸಿಕ್ಕುತ್ತಿತ್ತು, ಪಾಠ ಸಿಕ್ಕುತ್ತಿರಲಿಲ್ಲ. ಪರದೆಯ ಮೇಲಾದರೆ ಚಿತ್ರವನ್ನು ನಿಲ್ಲಿಸಿ, ಪಕ್ಕದಲ್ಲಿರುವ ಶಿಕ್ಷಕಿ "ಈಗ ಅವರಿಬ್ಬರಿಗೆ ಏನನ್ನಿಸಿರಬಹುದು?" ಎಂದು ಕೇಳಬಹುದು. 2007ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಆರು ಮಂದಿ ಹದಿಹರೆಯದವರಿಗೆ ನಿಜವಾದ ಉಪಾಹಾರ ಗೃಹದ ಮತ್ತು ಬಸ್ಸಿನ ಚಲನಚಿತ್ರ ತೋರಿಸಿ ಎಲ್ಲಿ ಕೂರುವಿರಿ, ಏಕೆ ಎಂದು ವಿಚಾರಿಸಲಾಯಿತು. ಅಭ್ಯಾಸದ ನಂತರ ಕೆಲವರ ಉತ್ತರಗಳು ಸುಧಾರಿಸಿದ್ದವು. ಪಕ್ಕದಲ್ಲಿ ಕುಳಿತು ಮಾತನಾಡಿಸುವ ಮನುಷ್ಯರಿಲ್ಲದಿದ್ದರೆ ಈ ಫಲ ಬರುತ್ತಿತ್ತೆಂದು ನಾವು ನಂಬುವುದಿಲ್ಲ.

ಎ.ಡಿ.ಎಚ್.ಡಿ. ಮಕ್ಕಳಿಗಾಗಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ರಿಜೊ ಮತ್ತು ಸಂಗಡಿಗರು ಒಂದು ತರಗತಿಯನ್ನೇ ಕಟ್ಟಿದ್ದುಂಟು. ಕಪ್ಪುಹಲಗೆಯ ಅಕ್ಷರಗಳನ್ನು ಮಗು ಗಮನಿಸುತ್ತಿರುವಾಗ ಕಾಗದದ ವಿಮಾನ ಹಾರಿಬರುತ್ತದೆ, ಕಿಟಕಿಯಾಚೆ ವಾಹನ ಹೋಗುತ್ತದೆ. ಗಮನ ಎಷ್ಟು ಸಲ ಕದಲಿತೆಂಬ ಲೆಕ್ಕ ಸಿಗುತ್ತದೆ. ಇದು ಕಲಿಸುವುದಕ್ಕಿಂತ ಅಳೆಯುವ ಕೆಲಸವಾದುದರಿಂದ ಇಷ್ಟಕ್ಕೆ ಬಿಡುತ್ತೇವೆ.

ಅಂಜಿಕೆಯ ವಿಚಾರದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಪ್ರಯೋಗ ಹೇಳತಕ್ಕದ್ದು. ಅಲ್ಲಿ ತಲೆಗೆ ಕಟ್ಟುವ ಯಂತ್ರವನ್ನೇ ಕೈಬಿಟ್ಟು, ಒಂದು ಕೋಣೆಯ ಗೋಡೆಗಳ ಮೇಲೆಲ್ಲ ದೃಶ್ಯ ಮೂಡುವಂತೆ ಮಾಡಿದ್ದರು. ಮುಟ್ಟಿದರೆ ಸಹಿಸದ ಮಕ್ಕಳಿಗೆ ಇದರಿಂದ ಎಷ್ಟು ಅನುಕೂಲವೆಂಬುದನ್ನು ಬಲ್ಲವರೇ ಬಲ್ಲರು. ಮಗುವಿನ ಜೊತೆಗೆ ಮನಶ್ಶಾಸ್ತ್ರಜ್ಞರೂ ಒಳಗಿರುತ್ತಾರೆ. ಜನ ತುಂಬಿದ ಬಸ್ಸು ಮೊದಲಾಗಿ ಯಾವುದಕ್ಕೆ ಮಗು ಹೆದರುತ್ತದೆಯೋ ಅದನ್ನು ಸ್ವಲ್ಪ ಸ್ವಲ್ಪವಾಗಿ ತೋರಿಸುತ್ತ, ಉಸಿರಾಟವನ್ನು ಸಡಿಲಗೊಳಿಸುವುದನ್ನು ಕಲಿಸುತ್ತಾರೆ. 2014ರಲ್ಲಿ ಪ್ರಕಟವಾದ ಮೊದಲ ವರದಿಯಂತೆ 7ರಿಂದ 13 ವರ್ಷದ 9 ಹುಡುಗರು, ತಲಾ ನಾಲ್ಕು ಪಾಠಗಳು, ಪ್ರತಿಯೊಂದೂ 20ರಿಂದ 30 ನಿಮಿಷ. ಅವರಲ್ಲಿ 8 ಮಂದಿ ತಾವು ಹೆದರುತ್ತಿದ್ದ ಸಂದರ್ಭವನ್ನು ಎದುರಿಸಬಲ್ಲವರಾದರು. 4 ಮಂದಿಯ ಹೆದರಿಕೆ ಪೂರ್ತಿಯಾಗಿ ನೀಗಿತು. ಕೋಣೆಯ ಪಾಠ ಮುಗಿದ ಮೇಲೆ ಹೊರಗಿನ ಲೋಕದಲ್ಲಿ ಅದೇ ಹೆಜ್ಜೆಗಳನ್ನು ಹಾಕಿಸಿದವರು ಹಿರಿಯರೇ. ಒಂಬತ್ತು ಜನರ ಮೇಲಿನ ಪ್ರಯೋಗದಿಂದ ದೊಡ್ಡ ತೀರ್ಮಾನಕ್ಕೆ ಬರಬಾರದೆಂಬುದು ನಿಜ. ಆದರೂ ಬಸ್ಸು ಕಂಡರೆ ಬೆವರುವ ಮಗುವಿರುವ ಮನೆಯವರಿಗೆ ಇದು ಸಣ್ಣ ಸುದ್ದಿಯಲ್ಲ.

ಇನ್ನು ಉದ್ಯೋಗದ ಬಾಗಿಲು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಸ್ಮಿತ್ ಮತ್ತು ಸಂಗಡಿಗರು ಸಂದರ್ಶನದ ಅಭ್ಯಾಸಕ್ಕಾಗಿ ಒಂದು ಏರ್ಪಾಟನ್ನು ಪರೀಕ್ಷಿಸಿದರು. ಇದೂ ಕಂಪ್ಯೂಟರಿನ ಪರದೆಯ ಮೇಲೆಯೇ ನಡೆಯತಕ್ಕದ್ದು. ಅದರಲ್ಲಿ ಮಾಲಿ ಪೋರ್ಟರ್ ಎಂಬ ಕಲ್ಪಿತ ಅಧಿಕಾರಿಣಿ ಪ್ರಶ್ನೆ ಕೇಳುತ್ತಾಳೆ. ಒಮ್ಮೆ ಸೌಮ್ಯೆ, ಒಮ್ಮೆ ಖಡಾಖಂಡಿತ ಮಾತಿನವಳು, ಒಮ್ಮೆ ಸಿಡುಕಿ. ಅಭ್ಯರ್ಥಿ ಬಾಯಿಂದಲೇ ಉತ್ತರಿಸಬೇಕು. ಪರದೆಯ ಮೂಲೆಯಲ್ಲಿ ಒಬ್ಬ ಸಹಾಯಕಿ ನಿಂತು ಉತ್ತರ ಸರಿಬಂದರೆ ಸನ್ನೆಯಿಂದ ತಿಳಿಸುತ್ತಾಳೆ. ಮುಗಿದ ಮೇಲೆ ಎಲ್ಲಿ ತಪ್ಪಿತೆಂದು ಸಂಭಾಷಣೆಯನ್ನು ಪೂರ್ತಿಯಾಗಿ ಮತ್ತೆ ನೋಡಬಹುದು. 2014ರ ವರದಿಯಲ್ಲಿ ಸ್ವಲೀನತೆಯುಳ್ಳ 26 ಮಂದಿ ತರುಣರಿದ್ದರು. 16 ಮಂದಿಗೆ ಸುಮಾರು 10 ಗಂಟೆಗಳ ಅಭ್ಯಾಸ, ಉಳಿದ 10 ಮಂದಿಗೆ ಇಲ್ಲ. ಅಭ್ಯಾಸ ಮಾಡಿದವರು ಅನಂತರದ ಅಣಕು ಸಂದರ್ಶನಗಳಲ್ಲಿ ಹೆಚ್ಚು ಸುಧಾರಿಸಿದರು. ಆರು ತಿಂಗಳ ಮೇಲೆ ವಿಚಾರಿಸಿದಾಗ ಕೆಲಸ ಅಥವಾ ಅದಕ್ಕೆ ಸಮನಾದ ಸ್ಥಾನ ದೊರಕಿಸಿಕೊಂಡವರ ಪ್ರಮಾಣವೂ ಅವರಲ್ಲಿಯೇ ಹೆಚ್ಚಾಗಿತ್ತು.

ಇಲ್ಲಿ ಒಂದು ಮಾತನ್ನು ಕೇಳಲೇಬೇಕು. ಸಂದರ್ಶನದಲ್ಲಿ ಕಣ್ಣಿಗೆ ಕಣ್ಣಿಟ್ಟು ಮಾತನಾಡುವ ಚಾತುರ್ಯವನ್ನೇಕೆ ಆ ಹುಡುಗನೇ ಕಲಿಯಬೇಕು? ಅವನು ಮಾಡಬೇಕಾದ ಕೆಲಸದಲ್ಲಿ ಆ ಚಾತುರ್ಯಕ್ಕೆ ಎಡೆಯೇ ಇಲ್ಲದಿದ್ದರೆ ಬಾಗಿಲನ್ನೇ ಅಗಲ ಮಾಡಬಾರದೇಕೆ? ಡೆನ್ಮಾರ್ಕಿನ ಟಾರ್ಕಿಲ್ ಸೊನ್ನೆ ಎಂಬ ತಂದೆ 2004ರಲ್ಲಿ ಇದನ್ನು ಮಾಡಿ ತೋರಿಸಿದರು. ಅವರ ಮಗನಿಗೆ ಸ್ವಲೀನತೆಯಿತ್ತು. ಅವರು ಸ್ಥಾಪಿಸಿದ ಸ್ಪೆಷಲಿಸ್ಟರ್ನೆ ಎಂಬ ಸಂಸ್ಥೆ, ಅಭ್ಯರ್ಥಿಗಳಿಗೆ ಪ್ರಶ್ನೆ ಕೇಳುವುದರ ಬದಲಾಗಿ ಲೆಗೊ ತುಂಡುಗಳಿಂದ ಯಂತ್ರಮಾನವನನ್ನು ಕಟ್ಟಿ ನಡೆಸಲು ಹೇಳಿ ಅವರ ಶಕ್ತಿಯನ್ನು ಅರಿಯುವ ಕ್ರಮವನ್ನು ಬಳಕೆಗೆ ತಂದಿತು.

ಈ ಕಥೆ ನಮ್ಮ ಬೆಂಗಳೂರನ್ನು ತಲಪಿದ್ದು ಹೀಗೆ. ಜರ್ಮನಿಯ ಎಸ್.ಎ.ಪಿ. ಸಂಸ್ಥೆಯ ಬೆಂಗಳೂರಿನ ಶಾಖೆಯವರು ಸ್ವಲೀನತೆಯುಳ್ಳ ಕೆಲವರನ್ನು ಸಾಫ್ಟ್‌ವೇರ್ ಪರೀಕ್ಷಕರನ್ನಾಗಿ ನೇಮಿಸಿಕೊಂಡಿದ್ದರು. ಬರೆದ ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವ ಕೆಲಸ ಅದು. ಒಂದೇ ಕ್ರಮವನ್ನು ನೂರಾರು ಸಲ ಬಿಡದೆ ಅನುಸರಿಸಬೇಕು; ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳಬೇಕು. ಬೇರೆಯವರಿಗೆ ಬೇಸರ ತರುವ ಈ ಕಾಯಕ ಅವರಿಗೆ ಒಗ್ಗಿತು. 2013ರ ಮೇ ತಿಂಗಳಲ್ಲಿ ಆ ಸಂಸ್ಥೆ ಸ್ಪೆಷಲಿಸ್ಟರ್ನೆಯೊಡನೆ ಸೇರಿ 2020ರೊಳಗೆ ಜಗತ್ತಿನಾದ್ಯಂತ ತನ್ನ ಸಿಬ್ಬಂದಿಯ ಶೇ. 1ರಷ್ಟು, ಎಂದರೆ ಸುಮಾರು 650 ಮಂದಿ, ಸ್ವಲೀನತೆಯುಳ್ಳವರನ್ನು ನೇಮಿಸಿಕೊಳ್ಳುವುದಾಗಿ ಸಾರಿತು. ಆಗ ಅದು ಉದಾಹರಣೆಯಾಗಿ ಹೆಸರಿಸಿದವರಲ್ಲಿ ಭಾರತದ ಈ ಆರು ಜನರೂ ಇದ್ದರು. 650ರ ಗುರಿ ಮುಟ್ಟಲಿಲ್ಲ; ನೇಮಕವಾದವರು ಅದಕ್ಕಿಂತ ಬಹಳ ಕಡಿಮೆ. ಆದರೂ ಆರು ಮನೆಗಳಲ್ಲಿ ತಿಂಗಳ ಮೊದಲ ವಾರ ಸಂಬಳ ಬಂದದ್ದು ಸುಳ್ಳಲ್ಲ.

ನಮ್ಮ ಕಾನೂನೂ ಸ್ವಲ್ಪ ಮುಂದೆ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದು, ಸ್ವಲೀನತೆಯೂ ನಿರ್ದಿಷ್ಟ ಕಲಿಕಾ ತೊಡಕೂ ಅವುಗಳಲ್ಲಿವೆ. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾದ ಶೇ. 4ರಲ್ಲಿ ಶೇ. 1 ಈ ಮಕ್ಕಳನ್ನು ಒಳಗೊಂಡ ವರ್ಗಗಳಿಗೆ ಸಲ್ಲುತ್ತದೆ. ಪ್ರಮಾಣಪತ್ರ ಮಾಡಿಸಿದರೆ ಹೆಣ್ಣು ಕೊಡುವವರು, ಗಂಡು ಕೊಡುವವರು ಹಿಂಜರಿಯುತ್ತಾರೆ, ಉಳಿದ ಮಕ್ಕಳ ಸಂಬಂಧಕ್ಕೂ ಕುತ್ತು ಬರುತ್ತದೆ ಎಂದು ಅದನ್ನು ಮಾಡಿಸದೆಯೇ ಇರುವ ಮನೆಗಳನ್ನು ನಾವು ಬಲ್ಲೆವು. ಆ ಮನೆಗಳ ಹಿರಿಯರಲ್ಲಿ ನಮ್ಮ ವಿನಂತಿ: ಮಗುವಿಗೆ ಸಲ್ಲಬೇಕಾದುದನ್ನು ಅಡಗಿಸಿಡುವ ಅಧಿಕಾರ ನಮಗಾರಿಗೂ ಇಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂತಹ ಮಕ್ಕಳ ತಪಾಸಣೆ ನಡೆಯುತ್ತದೆ.

ಈಗ ಆರಂಭದ ಪ್ರಶ್ನೆಗೆ ಬರೋಣ. ಯಂತ್ರವನ್ನು ಕೊಳ್ಳಬೇಕೆ? ಅವಸರಪಡಬೇಡಿರೆಂದು ನಾವು ಹೇಳುತ್ತೇವೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಕನ್ನಡಕವೇ ಇಲ್ಲದೆ ನಡೆದಿವೆ ಎಂಬುದನ್ನು ಓದುಗರು ಗಮನಿಸಿರಬಹುದು. ಅಂಗಡಿಯಿಂದ ತಂದ ಯಂತ್ರದಲ್ಲಿ ಆಟಗಳು ಹೇರಳವಾಗಿರುತ್ತವೆ, ಕನ್ನಡ ಮಾತನಾಡುವ ಕಂಡಕ್ಟರು ಇರುವುದಿಲ್ಲ. ಮೂರ್ಛೆರೋಗವಿರುವ ಮಗುವಾದರೆ ವೈದ್ಯರನ್ನು ಕೇಳದೆ ಇದರ ತಂಟೆಗೆ ಹೋಗಲೇಬಾರದು. ಸ್ವಲೀನತೆಯುಳ್ಳವರಲ್ಲಿ ಮೂರ್ಛೆರೋಗ ಉಳಿದವರಲ್ಲಿಗಿಂತ ಹೆಚ್ಚೆಂಬುದನ್ನು ಇಲ್ಲಿ ನೆನೆಯಬೇಕು. ಕಣ್ಣು ಚಲನೆಯನ್ನು ಕಂಡು ಮೈ ನಿಶ್ಚಲವಾಗಿದ್ದಾಗ ಕೆಲವರಿಗೆ ಘಟ್ಟದ ಬಸ್ಸಿನಲ್ಲಾಗುವಂತೆ ಹೊಟ್ಟೆ ತೊಳಸುತ್ತದೆ. ಮಾತು ಬಾರದ ಮಗು ಅದನ್ನು ಹೇಳಲಾರದು, ಆಮೇಲೆ ಆ ಯಂತ್ರವನ್ನು ಕಂಡರೇ ಓಡುತ್ತದೆ. ಯಂತ್ರದ ತಯಾರಕರೂ ವಯಸ್ಸಿನ ಮಿತಿ ಇಟ್ಟಿದ್ದಾರೆ. ಮೆಟಾ ಸಂಸ್ಥೆ 13 ಎಂದಿದ್ದುದನ್ನು 2023ರಲ್ಲಿ ತಾಯಿತಂದೆಯರ ಒಪ್ಪಿಗೆಯ ಮೇಲೆ 10ಕ್ಕೆ ಇಳಿಸಿತು. ಯಾವುದಾದರೂ ಚಿಕಿತ್ಸಾ ಕೇಂದ್ರದವರು ತಮ್ಮಲ್ಲಿ ಇಂತಹ ಪಾಠವಿದೆಯೆಂದರೆ ಒಂದೇ ಪ್ರಶ್ನೆ ಕೇಳಿದರೆ ಸಾಕು: "ಒಳಗೆ ಕಲಿತದ್ದನ್ನು ಹೊರಗೆ ಮಾಡಿಸಲು ನಮ್ಮ ಮಗುವಿನೊಡನೆ ಯಾರು ಬರುತ್ತಾರೆ, ಎಷ್ಟು ಸಲ ಬರುತ್ತಾರೆ?" ಉತ್ತರ ತಡವರಿಸಿದರೆ ಹಣವನ್ನು ಕೈಯಲ್ಲೇ ಇಟ್ಟುಕೊಳ್ಳಬಹುದು.

ಮನೆಯಲ್ಲಿಯೇ ಆರಂಭಿಸಲು ತಾಯಿತಂದೆಯರ ಕೈಯಲ್ಲಿರುವ ಮೊಬೈಲ್ ಸಾಕು. ತರಬೇತಿ ಕೇಂದ್ರಕ್ಕೆ ಮಗ ಹೋಗಬೇಕಾದ ಬಸ್ಸಿನ ದಾರಿಯನ್ನು, ಅವನ ಕಣ್ಣಿನ ಎತ್ತರದಲ್ಲಿ ಮೊಬೈಲ್ ಹಿಡಿದು, ಚಿತ್ರಿಸಿಕೊಳ್ಳಬೇಕು. ಮನೆಯ ಬಾಗಿಲು, ಓಣಿಯ ತಿರುವು, ನಿಲ್ದಾಣ, ಬಸ್ಸಿನ ಫಲಕ, ಟಿಕೆಟ್ಟು, ಇಳಿಯುವ ಸ್ಥಳದಲ್ಲಿ ಕಾಣುವ ಗುರುತು. ಎರಡು ಮೂರು ನಿಮಿಷಕ್ಕಿಂತ ದೀರ್ಘವಾಗಬಾರದು. ಮೊದಲು ಸದ್ದಿಲ್ಲದೆ, ಕೆಲವು ದಿನಗಳ ಮೇಲೆ ಸದ್ದಿನೊಡನೆ, ದಿನವೂ ಅದೇ ಹೊತ್ತಿನಲ್ಲಿ, ಪಕ್ಕದಲ್ಲಿ ಕುಳಿತು ನೋಡಬೇಕು; ನಡುನಡುವೆ ನಿಲ್ಲಿಸಿ "ಈಗ ಏನು ಮಾಡುತ್ತೀಯಪ್ಪಾ?" ಎಂದು ಕೇಳಬೇಕು. ಚಿತ್ರ ಅವನಿಗೆ ಬಾಯಿಪಾಠವಾದ ಮೇಲೆ ಭಾನುವಾರ ಬೆಳಗಿನ ಖಾಲಿ ಬಸ್ಸಿನಲ್ಲಿ ಜೊತೆಯಾಗಿ ಹೋಗಿಬರುವುದು. ಅನಂತರ ವಾರದ ನಡುವಿನ ಒಂದು ಮಧ್ಯಾಹ್ನ. ಅನಂತರ ಬೆಳಗಿನ ಒಂಬತ್ತರ ಬಸ್ಸು, ಟಿಕೆಟ್ಟಿನ ಹಣ ಅವನ ಕೈಯಲ್ಲಿ, ತಾಯಿ ಎರಡು ಸೀಟು ಹಿಂದೆ.